ದೇವದಾಸಿ ಪದ್ಧತಿ: ಕಾಯ್ದೆ ಇದ್ದರೂ ಸಾಕ್ಷಿ ಏಕೆ ಸಿಗುವುದಿಲ್ಲ?

ಪರೀಕ್ಷೆಯಲ್ಲಿ ದೇವದಾಸಿ ಪದ್ಧತಿಗೆ, ಅಂದರೆ ಹೆಣ್ಣುಮಕ್ಕಳನ್ನು ದೇವಿಗೆ ಸಮರ್ಪಿಸುವ ಪದ್ಧತಿಗೆ, ಕಾರಣವೇನು ಎಂದು ಕೇಳಿದರೆ ಬಹಳ ಮಂದಿ ‘ಮೂಢನಂಬಿಕೆ’ ಎಂದು ಬರೆದು ಮುಗಿಸುತ್ತಾರೆ. ಅದು ಅರ್ಧ ಉತ್ತರ. ಬೆಳಗಾವಿ ಜಿಲ್ಲೆಯ ಸವದತ್ತಿ ಯಲ್ಲಮ್ಮ ದೇವಿಗೆ ಎಲ್ಲ ಜಾತಿಯವರೂ ನಡೆದುಕೊಳ್ಳುತ್ತಾರೆ. ಮುತ್ತು ಕಟ್ಟಿಸಿಕೊಂಡವರು (ಮಣಿಯ ಸರ ಕಟ್ಟಿ ದೇವಿಗೆ ಸಮರ್ಪಿತರಾದವರು) ಮಾತ್ರ ಬಹುಪಾಲು ಪರಿಶಿಷ್ಟ ಜಾತಿಯ, ಅದರಲ್ಲೂ ಮಾದಿಗ, ಹೊಲೆಯ ಸಮುದಾಯದ ಹೆಣ್ಣುಮಕ್ಕಳು.

ಗಂಡುಮಕ್ಕಳಿಲ್ಲದ ಬಡ ಮನೆಯ ಲೆಕ್ಕಾಚಾರ ನೋಡಿ. ಮುತ್ತು ಕಟ್ಟಿದ ಮಗಳು ಗಂಡನ ಮನೆಗೆ ಹೋಗುವುದಿಲ್ಲ. ಮದುವೆಯ ಸಾಲ ತಪ್ಪುತ್ತದೆ, ಮುಪ್ಪಿನಲ್ಲಿ ಹೆತ್ತವರನ್ನು ನೋಡಿಕೊಳ್ಳುವ ಭಾರ ಅವಳ ಮೇಲೆ ಬೀಳುತ್ತದೆ. ಅವಳನ್ನು ಇಟ್ಟುಕೊಂಡವನು, ಅನೇಕ ಸಲ ಮೇಲ್ಜಾತಿಯವನು, ಮಕ್ಕಳಿಗೆ ಹೆಸರನ್ನೂ ಕೊಡುವುದಿಲ್ಲ, ಆಸ್ತಿಯಲ್ಲಿ ಪಾಲನ್ನೂ ಕೊಡುವುದಿಲ್ಲ. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಉಳಿಯುತ್ತದೆ. ಸಾಮಾಜಿಕ ಬಹಿಷ್ಕಾರಕ್ಕೆ ಉದಾಹರಣೆ ಬೇಕಿದ್ದರೆ ಇದನ್ನೇ ಬರೆಯಿರಿ.

ದೇವಿಯ ಕರೆಯೆಂದು ನಂಬುವ ಜಡೆಯ (ಗಂಟುಗಟ್ಟಿದ ಕೂದಲಿನ) ವಿಷಯವೂ ಹಾಗೆಯೇ. ಬಾಚದ ಕೂದಲಿಗೆ ಎಣ್ಣೆ, ಬೆವರು, ಧೂಳು ಸೇರಿ ಗಂಟು ಬೀಳುತ್ತದೆ. ದೇವಿಯ ಕರೆ ಬಂತೆಂದು ಬಾಚಣಿಗೆ ದೂರವಿಟ್ಟು ಭಂಡಾರ (ಅರಿಶಿನ ಪುಡಿ) ಹಚ್ಚಿದರೆ ಗಂಟು ಇನ್ನಷ್ಟು ಬಿಗಿಯುತ್ತದೆ. ಕತ್ತರಿಯಲ್ಲಿ ಮುಗಿಯಬೇಕಾದದ್ದು ಹುಡುಗಿಯ ಬದುಕನ್ನೇ ನುಂಗುತ್ತದೆ.

ಕಾಯ್ದೆಗೆ ಬರೋಣ. ಬೆಳಗಾವಿ ಮತ್ತು ಅಂದಿನ ವಿಜಾಪುರ (ಬಾಗಲಕೋಟೆಯೂ ಆಗ ಅದರಲ್ಲೇ ಇತ್ತು) ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ಇಲ್ಲಿ ಮೊದಲು ಇದ್ದದ್ದು 1934ರ ಮುಂಬಯಿ ಕಾಯ್ದೆ. ಕರ್ನಾಟಕದ ಕಾಯ್ದೆ 1982ರದು, ಜಾರಿಯಾದದ್ದು 1984ರಲ್ಲಿ. ಹುಡುಗಿ ಒಪ್ಪಿದ್ದರೂ ಸಮರ್ಪಣೆ ಅಪರಾಧವೇ. 1982ರ ಕಾಯ್ದೆಯಲ್ಲಿ ಶಿಕ್ಷೆ 3 ವರ್ಷದವರೆಗೆ ಇತ್ತು. ತಪ್ಪು ಮಾಡಿದವರು ತಂದೆತಾಯಿ, ಪೋಷಕರು ಅಥವಾ ಬಂಧುಗಳಾದರೆ ಕನಿಷ್ಠ 2, ಗರಿಷ್ಠ 5 ವರ್ಷ ಎಂದಿತ್ತು.

ತೊಡಕು ಇರುವುದೂ ಇಲ್ಲೇ. ಆರೋಪಿ ಹೆತ್ತವರು, ಮುಖ್ಯ ಸಾಕ್ಷಿ ಅದೇ ಮನೆಯಲ್ಲಿ ಉಣ್ಣುವ ಮಗಳು. ಅವಳು ಬಾಯಿ ಬಿಡುವುದು ಹೇಗೆ? ಯಲ್ಲಮ್ಮನ ಗುಡ್ಡದ ಮೇಲೆ ಕಾವಲು ಬಿದ್ದ ಮೇಲೆ ಮುತ್ತು ಕಟ್ಟುವ ಶಾಸ್ತ್ರ ಮನೆಯೊಳಗೆ ಸರಿಯಿತು. ಕೆಂಪು-ಬಿಳಿ ಮಣಿಯ ಸರವನ್ನು ಬಿಚ್ಚಿಟ್ಟರೆ ಗುರುತೂ ಇಲ್ಲ. ಹುಡುಗಿ 18ರೊಳಗಿದ್ದು ಲೈಂಗಿಕ ಶೋಷಣೆ ನಡೆದಿದ್ದರೆ 2012ರ ಪೋಕ್ಸೋ ಕಾಯ್ದೆಯೂ ಅನ್ವಯಿಸುತ್ತದೆ. ಸುಳಿವು ಸಿಕ್ಕ ಕೂಡಲೇ, ಶಾಸ್ತ್ರ ನಡೆಯುವ ಮೊದಲೇ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದು ಹೆಚ್ಚು ಫಲ ಕೊಡುತ್ತದೆ.

ಅಂಕಿಗಳಲ್ಲಿ ಎಚ್ಚರ. 1993-94ರ ಸಮೀಕ್ಷೆಯಲ್ಲಿ 22,873, 2007-08ರಲ್ಲಿ 23,787 ದೇವದಾಸಿ ಮಹಿಳೆಯರನ್ನು ಕರ್ನಾಟಕದಲ್ಲಿ ಗುರುತಿಸಲಾಯಿತು. 46,660 ಇವೆರಡರ ಮೊತ್ತ. ಎರಡನೆಯ ಸಮೀಕ್ಷೆಯ ಸಂಖ್ಯೆಯೆಂದು ಬರೆದು ‘ದುಪ್ಪಟ್ಟಾಯಿತು’ ಎನ್ನಬೇಡಿ. ಸಮೀಕ್ಷೆಯ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಮಾಸಾಶನ ಸಿಗುವುದು ಕಷ್ಟ. 1984ರ ನಂತರ ಮುತ್ತು ಕಟ್ಟಿಸಿಕೊಂಡವಳು ಹೆಸರು ಬರೆಸಲು ಮುಂದಾದರೆ ಹೆತ್ತವರ ಅಪರಾಧವನ್ನು ತಾನೇ ಒಪ್ಪಿದಂತಾಗುತ್ತದೆ.