“ಈಗಿನ ಹಾಡು ಯಾಕ್ರೀ ಹಿಂಗ?”: ಒಬ್ಬ ಪೇಟಿ ಮಾಸ್ತರನ ಉತ್ತರ

ಪ್ರಶ್ನೆ: “ಮಾಸ್ತರ್ರ, ಹಳೇ ಹಾಡು ಕೇಳಿದ್ರ ಮನಸ್ಸು ತಣ್ಣಗ ಆಗ್ತೈತಿ, ಈಗಿನವು ಕೇಳಿದ್ರ ತಲಿ ಸಿಡಿತೈತಿ. ಹಿಂದ 432ಕ್ಕ ಶ್ರುತಿ ಮಾಡ್ತಿದ್ರಂತ, ಆಮ್ಯಾಲ 440ಕ್ಕ ಏರಿಸಿದ್ರಂತ, ಅದಕ್ಕ ಹಾಡು ಕೆಟ್ಟಾವಂತ. ಖರೇನ್ರೀ?”

ಈ ಪ್ರಶ್ನೆ ಎಷ್ಟನೇ ಸಲ ಬರುತ್ತಿದೆ ಅಂತ ಲೆಕ್ಕ ಇಡುವುದನ್ನು ಬಿಟ್ಟು ಬಹಳ ದಿನವಾಯಿತು. ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದಾರೆ, ಗವಿಮಠದ ಜಾತ್ರೆಯಲ್ಲಿ ಪ್ರಸಾದಕ್ಕೆ ಕೂತಾಗ ಕೇಳಿದ್ದಾರೆ, ಹೋದ ತಿಂಗಳು ಒಂದು ತಿಥಿ ಊಟದಲ್ಲಿ ಎಲೆಗೆ ಅನ್ನ ಬೀಳುವ ಮುಂಚೆಯೇ ಕೇಳಿದರು. ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವನು ಅಂತ ಗೊತ್ತಾದರೆ ಸಾಕು, ಮೊಬೈಲ್ ತೆಗೆದು ಆ ಫಾರ್ವರ್ಡ್ ಮೆಸೇಜನ್ನು ಮುಖದ ಮುಂದೆ ಹಿಡಿಯುತ್ತಾರೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುವವನಿದ್ದೇನೆ.

ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಹಾಡು ಕೆಟ್ಟಿವೆಯೇ ಎಂಬುದು ಒಂದು. ಕೆಟ್ಟಿದ್ದರೆ 440ರಿಂದ ಕೆಟ್ಟವೇ ಎಂಬುದು ಇನ್ನೊಂದು. ಮೊದಲನೆಯದನ್ನು ಬೇಗ ಮುಗಿಸುತ್ತೇನೆ.

ಗಂಗಾವತಿ, ಸಿಂಧನೂರು ಕಡೆಯವರಿಗೆ ಇದು ತಟ್ಟನೆ ತಿಳಿಯುತ್ತದೆ. ಮಿಲ್ಲಿನಿಂದ ಹೊರಬಿದ್ದ ಸೋನಾ ಮಸೂರಿ ಅಕ್ಕಿ ಒಂದು ತಾಟಿನಲ್ಲಿ, ಈಗಷ್ಟೇ ಗದ್ದೆಯಿಂದ ಬಂದ ಭತ್ತ ಇನ್ನೊಂದು ತಾಟಿನಲ್ಲಿ ಇಟ್ಟು, “ನೋಡ್ರೀ, ಈ ವರ್ಷದ ಬೆಳಿ ಎಷ್ಟ್ ಹೊಲಸ್ ಐತಿ” ಅಂದರೆ ಯಾರು ಒಪ್ಪುತ್ತಾರೆ? ಹಳೆಯ ಹಾಡು ಅಂತ ಕೇಳುವುದು ಹೊಟ್ಟು, ತೌಡು, ನುಚ್ಚು ಎಲ್ಲ ಹೋಗಿ ಉಳಿದ ಅಕ್ಕಿಯನ್ನು. ಈಗಿನದು ಅಂತ ಕೇಳುವುದು ಕಲ್ಲು ಮಣ್ಣು ಸಮೇತ ಇಡೀ ರಾಶಿಯನ್ನು. ನನ್ನ ಟ್ರಂಕಿನಲ್ಲಿ 1980ರ ದಶಕದ ಕ್ಯಾಸೆಟ್ಟುಗಳಿವೆ, ಮೊನ್ನೆ ತೆಗೆದು ಲೇಬಲ್ಲು ಓದಿದೆ. ಒಂದೊಂದರಲ್ಲಿ ಎಂಟು ಹತ್ತು ಹಾಡು. ಅದರಲ್ಲಿ ಒಂದು ನೆನಪಿಗೆ ಬಂದರೆ ಪುಣ್ಯ. ಉಳಿದವನ್ನೂ ನಾನೇ ದುಡ್ಡು ಕೊಟ್ಟು ತಂದಿದ್ದೆ, ಕುಣಿದಿದ್ದೆ, ಆಮೇಲೆ ನಾನೇ ಮರೆತೆ. ಮರೆಯದೆ ಉಳಿದವು ಯಾಕೆ ಅಷ್ಟು ಹಿತ ಅನ್ನುವುದಕ್ಕೂ ಕಾರಣವಿದೆ: ಮೀಸೆ ಚಿಗುರುವ ವಯಸ್ಸಿನಲ್ಲಿ ಕೇಳಿದ್ದು ಮನಸ್ಸಿಗೆ ಅಂಟುವಷ್ಟು ನಲವತ್ತರ ಮೇಲೆ ಕೇಳಿದ್ದು ಅಂಟುವುದಿಲ್ಲ. ಮನಶ್ಶಾಸ್ತ್ರದವರು ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ.

ಈಗ ಬಂಗಾರದ ಕಾಲ ಅಂತ ಕರೆಯುವ 1950ರ ದಶಕದಲ್ಲಿ ದೊಡ್ಡವರು ಏನನ್ನುತ್ತಿದ್ದರು ಗೊತ್ತೇ? 1952ರಲ್ಲಿ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡೆಂದರೆ ಕೀಳು ಅಭಿರುಚಿ. ಆಕಾಶವಾಣಿಯಲ್ಲಿ ಅವು ಬರುವುದು ಹೆಚ್ಚುಕಡಿಮೆ ನಿಂತೇಹೋಯಿತು. ಜನ ಸುಮ್ಮನೆ ಮುಳ್ಳು ತಿರುವಿ ರೇಡಿಯೋ ಸಿಲೋನ್ ಹಚ್ಚಿಕೊಂಡರು. 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಶುರುವಾಗಿದ್ದು ಹೀಗೆ ಹೋದ ಕಿವಿಗಳನ್ನು ವಾಪಸ್ ಕರೆಯಲಿಕ್ಕೆ. ನನ್ನ ಪೇಟಿಗೂ ಅದೇ ಗತಿ: ಗಮಕ, ಮೀಂಡು (ಸ್ವರವನ್ನು ತೂಗುವುದು, ಒಂದರಿಂದ ಇನ್ನೊಂದಕ್ಕೆ ಜಾರುವುದು) ಅದರಲ್ಲಿ ಬರುವುದಿಲ್ಲ, ಅದು ಪರದೇಶದ ಪೆಟ್ಟಿಗೆ ಅಂತ ಹೇಳಿ 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂ ನಿಷೇಧ. ಮೂವತ್ತೊಂದು ವರ್ಷ! ಅಷ್ಟೂ ವರ್ಷ ನಮ್ಮ ನಾಟಕ ಕಂಪನಿಗಳ ಕಾಲುಪೇಟಿ ಮಾತ್ರ ಬಾಯಿ ಮುಚ್ಚಲಿಲ್ಲ.

ಇನ್ನು 432.

ಮೆಸೇಜಿನಲ್ಲಿ ಇರುವುದು ಇಷ್ಟು: ಪ್ರಾಚೀನರು, ಋಷಿಗಳು, ಗುಡಿ ಗಂಟೆಗಳು ಎಲ್ಲ 432 ಹರ್ಟ್ಸ್; ಹಿಟ್ಲರನ ಮಂತ್ರಿ ಗೊಬೆಲ್ಸ್ 1939ರಲ್ಲಿ ಜಗತ್ತಿನ ತಲೆ ಕೆಡಿಸಲು ಅದನ್ನು 440 ಮಾಡಿಸಿದ; ಅಂದಿನಿಂದ ಸಂಗೀತ ವಿಷವಾಯಿತು. ಕೆಳಗೆ ನೀರಿನ ಹರಳಿನ ಚಿತ್ರ, ಅದರ ಕೆಳಗೆ ಹತ್ತು ಜನಕ್ಕೆ ಕಳಿಸಿ ಅಂತ.

440 ಅಂದರೆ ಯಾವುದು ಅಂತ ಮೊದಲು ತೋರಿಸುತ್ತೇನೆ. ಪೇಟಿಯ ನಡುಸಪ್ತಕದಲ್ಲಿ ಬಿಳಿ ಮನೆಗಳನ್ನು (ಬೆರಳಿನಿಂದ ಒತ್ತುವ ಪಟ್ಟಿಗಳನ್ನು) ಎಣಿಸಿರಿ, ಆರನೆಯದು. ನಾವು ‘ಬಿಳಿ ಆರು’ ಅನ್ನುತ್ತೇವೆ, ಇಂಗ್ಲಿಷಿನವರು ‘ಎ’ ಅನ್ನುತ್ತಾರೆ. ಆ ಮನೆಯ ರೀಡು (ಒಳಗಿನ ಲೋಹದ ನಾಲಿಗೆ) ಸೆಕೆಂಡಿಗೆ 440 ಸಲ ನಡುಗಬೇಕು ಎಂಬುದು ಒಪ್ಪಂದ, ಉಳಿದ ಮನೆಗಳ ಲೆಕ್ಕ ಅದರ ಮೇಲೆ. ಬೇರೆ ಬೇರೆ ದೇಶದ ವಾದ್ಯದವರು ಒಟ್ಟಿಗೆ ಕೂತರೆ ಅಪಸ್ವರ ಆಗಬಾರದಲ್ಲ, ಅದಕ್ಕೆ ಮಾಡಿಕೊಂಡ ಏರ್ಪಾಡು. ಸಂತೆಯಲ್ಲಿ ಎಲ್ಲರ ಸೇರೂ ಒಂದೇ ಅಳತೆ ಇರಲಿ ಅನ್ನುವ ಹಾಗೆ.

ಈ 440ನ್ನು ಮೊದಲು ಸೂಚಿಸಿದವರು ಯೋಹಾನ್ ಶೈಬ್ಲರ್, ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ, 1834ರಲ್ಲಿ. ಗೊಬೆಲ್ಸ್ ಹುಟ್ಟಿದ್ದು 1897ರಲ್ಲಿ. ಅರವತ್ಮೂರು ವರ್ಷ ಮುಂಚೆಯೇ ಕಿತಾಪತಿ ಮಾಡಿದ್ದನೇನೋ ಪುಣ್ಯಾತ್ಮ! ಫ್ರಾನ್ಸಿನವರು 1859ರಲ್ಲಿ ಕಾನೂನು ಮಾಡಿ 435 ಅಂದರು. ಇಂಗ್ಲೆಂಡಿನಲ್ಲಿ 439 ಚಾಲ್ತಿಯಲ್ಲಿತ್ತು. 1939ರಲ್ಲಿ ಸಭೆ ಸೇರಿದ್ದು ನಿಜ, ಆದರೆ ಲಂಡನ್ನಿನಲ್ಲಿ, ಹಲವು ದೇಶಗಳವರು ಕೂಡಿ. 439 ಬಿಟ್ಟು 440 ಯಾಕೆ? ಇಲ್ಲಿ ನನಗೆ ಬಹಳ ಇಷ್ಟದ ಸಂಗತಿ ಇದೆ. ಬಿಬಿಸಿ ರೇಡಿಯೋದವರು ಶ್ರುತಿ ಸ್ವರವನ್ನು ಸೆಕೆಂಡಿಗೆ ಹತ್ತು ಲಕ್ಷ ಸಲ ನಡುಗುವ ಹರಳಿನಿಂದ ತೆಗೆಯುತ್ತಿದ್ದರು. ಅದನ್ನು 1000ದಿಂದ ಭಾಗಿಸಿ, 11ರಿಂದ ಗುಣಿಸಿ, 25ರಿಂದ ಭಾಗಿಸಿ ನೋಡಿರಿ, ಸರಿಯಾಗಿ 440. ಆದರೆ 439 ಅವಿಭಾಜ್ಯ ಸಂಖ್ಯೆ, ಭಾಗಾಕಾರದಲ್ಲಿ ಸಿಗುವುದೇ ಇಲ್ಲ. ಅಂದರೆ ಇದರ ಹಿಂದೆ ಇದ್ದದ್ದು ಏಳನೇ ಇಯತ್ತೆಯ ಗಣಿತ. 1955ರಲ್ಲಿ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯೂ ಒಪ್ಪಿತು, ಕಥೆ ಮುಗಿಯಿತು.

ಋಷಿಗಳ ಮಾತು ಬಂದಿತಲ್ಲ. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಎಂಬ ಎಣಿಕೆ. ಘಳಿಗೆ, ವಿಘಳಿಗೆಯಲ್ಲಿ ಕಾಲ ಅಳೆದವರು ಸೆಕೆಂಡಿಗೆ 432 ಅಂತ ಹೇಗೆ ಎಣಿಸಿದರು? ಒಂದು ವಿಘಳಿಗೆ 24 ಸೆಕೆಂಡು. ಅವರ ಲೆಕ್ಕದಲ್ಲಿ ಬೇರೆಯೇ ಸಂಖ್ಯೆ ಬರಬೇಕಿತ್ತು.

ಇದನ್ನೆಲ್ಲ ಬದಿಗಿಡಿ. ನಮ್ಮ ಸಂಗೀತಕ್ಕೆ ಈ ಜಗಳವೇ ಸಂಬಂಧವಿಲ್ಲ ಎಂಬುದನ್ನು ನಮ್ಮವರೇ ಮರೆತರಲ್ಲ, ನನ್ನ ಸಿಟ್ಟು ಅದರ ಮೇಲೆ. ನಮ್ಮಲ್ಲಿ ಷಡ್ಜ, ಅಂದರೆ ‘ಸ’, ಎಲ್ಲಿ ಕೂರಬೇಕು ಅಂತ ಯಾರು ಹೇಳುತ್ತಾರೆ? ಹಾಡುವವನ ಗಂಟಲು. ಒಬ್ಬ ಗಂಡಸು ‘ಕರಿ ಒಂದು ಹಿಡೀರಿ’ ಅನ್ನುತ್ತಾನೆ, ಇನ್ನೊಬ್ಬ ‘ಬಿಳಿ ಎರಡು’. ನಾಟಕದಲ್ಲಿ ಪಾತ್ರ ಮಾಡುವ ಹೆಣ್ಣುಮಗಳು ‘ಕರಿ ನಾಕು’ ಅಂದರೆ ಪೇಟಿ ಮಾಸ್ತರ ತಲೆಯಾಡಿಸಿ ಅಲ್ಲಿಗೆ ಹೋಗಬೇಕು. ನೆಗಡಿ ಬಂದರೆ ಅವಳೇ ‘ಇವತ್ ಒಂದ್ ಮನಿ ಇಳಿಸ್ರೀ ಮಾಸ್ತರ್ರ’ ಅನ್ನುತ್ತಾಳೆ. 440ಕ್ಕೂ 432ಕ್ಕೂ ಇರುವ ಅಂತರ ಎಂಟು. ಪೇಟಿಯಲ್ಲಿ ಬಿಳಿ ಆರರಿಂದ ಒಂದೇ ಮನೆ ಕೆಳಗೆ, ಕರಿ ನಾಲ್ಕಕ್ಕೆ ಇಳಿದರೆ ಸುಮಾರು 415, ಅಂದರೆ ಇಪ್ಪತ್ತೈದು ಕಡಿಮೆ. ಎಂಟು ಇಳಿದರೆ ಮನಶ್ಶಾಂತಿ ಸಿಗುವುದಾದರೆ ಇಪ್ಪತ್ತೈದು ಇಳಿದ ಪಾತ್ರಧಾರಿ ರಂಗದ ಮೇಲೇ ಸಮಾಧಿಗೆ ಹೋಗಬೇಕಾಗಿತ್ತು. ಹೋಗಿದ್ದನ್ನು ನಾನಂತೂ ಕಂಡಿಲ್ಲ. ಮಾತು ಮರೆತು ನಿಂತವರನ್ನು ಕಂಡಿದ್ದೇನೆ.

ವಾದ್ಯಗಳಾದರೂ ಒಂದೇ ಶ್ರುತಿಯಲ್ಲಿ ನಿಲ್ಲುತ್ತವೆಯೇ? ಬಿಸಿಲೇರಿದಂತೆ ಕೊಳಲಿನ ಶ್ರುತಿ ಏರುತ್ತದೆ, ಕಾದ ಗಾಳಿಯಲ್ಲಿ ಶಬ್ದ ವೇಗವಾಗಿ ಓಡುವುದರಿಂದ. ರಾಯಚೂರಿನ ಮೇ ತಿಂಗಳು ಯಾವ ಮಾನಕ ಸಂಸ್ಥೆಯ ಮಾತನ್ನೂ ಕೇಳುವುದಿಲ್ಲ. ಪೇಟಿಯ ರೀಡಿನ ತುದಿ ಕೆರೆದರೆ ಶ್ರುತಿ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಹಳ್ಳಿಯ ಭಜನಾ ಮಂಡಳಿಗಳ ಹಳೆಯ ಪೇಟಿಗಳನ್ನು ರಿಪೇರಿಗೆ ತಂದಾಗ ಎರಡನ್ನು ಪಕ್ಕಪಕ್ಕ ಇಟ್ಟು ಒಂದೇ ಮನೆ ಒತ್ತಿ ನೋಡಿದ್ದೇನೆ, ಒಂದಕ್ಕೊಂದು ಕೂಡಿದ್ದು ಅಪರೂಪ.

‘ಹಳೇ ಹಾಡು’ ಅಂತ ನೀವು ಕೇಳಿದ್ದಾದರೂ ಯಾವುದರಲ್ಲಿ? ಟೇಪ್ ರೆಕಾರ್ಡರಿನಲ್ಲಿ. ಕ್ಯಾಸೆಟ್ಟಿನ ಪಟ್ಟಿ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಅದು ನೂರಕ್ಕೆ ಎರಡರಷ್ಟು ನಿಧಾನವಾದರೂ 440 ಹೋಗಿ 432ಕ್ಕಿಂತ ಕೆಳಗೆ ಬಂತು. ನಮ್ಮ ಮನೆಗಳಲ್ಲಿ ಬ್ಯಾಟರಿ ಇಳಿದು, ಬೆಲ್ಟು ಸಡಿಲಾಗಿ, ಹಾಡುವವರ ದನಿ ನಿದ್ದೆಗಣ್ಣಿನ ದನಿಯಾಗಿ, ನಾವು ಸೆಲ್ಲುಗಳನ್ನು ಬಿಸಿಲಿಗೆ ಇಟ್ಟು ಮತ್ತೆ ಹಾಕಿ ಕೇಳಿದ್ದು! ಶ್ರುತಿ ದಿನಕ್ಕೊಂದು. ಆ ಕಾಲದ ಯಾವ ಹಾಡನ್ನೂ ಅದರ ಸ್ವಂತ ಶ್ರುತಿಯಲ್ಲಿ ನಾನು ಕೇಳಿರಲಿಕ್ಕಿಲ್ಲ.

ಇಷ್ಟು ಹೇಳಿದರೂ ನಂಬದ ಹಿರಿಯರೊಬ್ಬರು ಕ್ಲಾಸಿಗೇ ಬಂದಿದ್ದರು. ಒಂದೇ ಹಾಡನ್ನು ಮೊಬೈಲಿನಲ್ಲಿ ಎರಡು ಶ್ರುತಿಗೆ ಮಾಡಿಟ್ಟು, ಯಾವುದು ಯಾವುದೆಂದು ಹೇಳದೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿ, “ಎರಡನೇದು ಭಾಳ ಶಾಂತ ಐತ್ರೀ, ಇದೇ ಹಳೇದು” ಅಂದರು. ಅದು 440. ಅವರು ಚಹಾ ಕುಡಿದು ಹೋದರು, ಮರುದಿನ ಬೆಳಿಗ್ಗೆ ಅದೇ ಮೆಸೇಜನ್ನು ಮತ್ತೆ ಕಳಿಸಿದರು.

ಹಾಗಾದರೆ ತಲೆ ಸಿಡಿಯುವುದು ಸುಳ್ಳೇ? ಸುಳ್ಳಲ್ಲ. ಅದಕ್ಕೆ ಕಾರಣ ಶ್ರುತಿಯಲ್ಲ, ಸದ್ದು. ಗದ್ದೆ ಮಟ್ಟ ಮಾಡುವಾಗ ದಿಬ್ಬ ಕೆತ್ತಿ ತಗ್ಗಿಗೆ ಹಾಕುತ್ತೀರಲ್ಲ, ರೆಕಾರ್ಡಿಂಗಿನಲ್ಲೂ ಹಾಗೆ ಮಾಡುವ ಯಂತ್ರವಿದೆ. ಮೆಲುದನಿಯನ್ನು ಎತ್ತಿ, ಏರುದನಿಯನ್ನು ಒತ್ತಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದು, ಆಮೇಲೆ ಇಡೀ ಹಾಡನ್ನು ಮೇಲಕ್ಕೆ ಏರಿಸುತ್ತಾರೆ. ಪಕ್ಕದ ಹಾಡಿಗಿಂತ ತನ್ನದು ಜೋರು ಕೇಳಲಿ ಅನ್ನುವ ಪೈಪೋಟಿ 1990ರ ದಶಕದಿಂದ ಮಿತಿ ಮೀರಿತು. ಪಿಸುಮಾತಿಗೂ ಕೂಗಿಗೂ ವ್ಯತ್ಯಾಸವೇ ಇಲ್ಲದಾಗ ಕಿವಿಗೆ ವಿಶ್ರಾಂತಿ ಸಿಗುವುದಿಲ್ಲ. ಈಗ ಯೂಟ್ಯೂಬ್, ಸ್ಪಾಟಿಫೈಗಳು ಜೋರಾದದ್ದನ್ನು ತಾವೇ ತಗ್ಗಿಸುತ್ತವೆ, ಪೈಪೋಟಿಗೆ ಮೊದಲಿನ ಲಾಭವಿಲ್ಲ. ಆದರೆ ಟ್ರ್ಯಾಕ್ಟರ್ ಮೇಲೆ ಬಾಕ್ಸು ಪೇರಿಸಿಕೊಂಡು ಗಣಪತಿ ಕಳಿಸಲು ಹೊರಟ ಹುಡುಗರಿಗೆ ಯಾವ ಯೂಟ್ಯೂಬೂ ತಗ್ಗಿಸಲಾರದು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಬೇಡ ಅನ್ನುವ ನಿಯಮ 2000ನೇ ಇಸವಿಯಿಂದ ಇದೆ, ಅದನ್ನು ಫಾರ್ವರ್ಡ್ ಮಾಡುವವರು ಮಾತ್ರ ಇಲ್ಲ.

ಸ್ವರಗಳೇ ಬಡವಾಗಿವೆಯೇ ಎಂಬುದನ್ನು ಅಳೆದವರೂ ಇದ್ದಾರೆ. ಸ್ಪೇನಿನ ಸಂಶೋಧಕರು 1955ರಿಂದ 2010ರವರೆಗಿನ 4 ಲಕ್ಷ 64 ಸಾವಿರ ಧ್ವನಿಮುದ್ರಣಗಳನ್ನು ಕಂಪ್ಯೂಟರಿಗೆ ಹಾಕಿ, ಸದ್ದು ಏರಿದೆ, ಸ್ವರದಿಂದ ಸ್ವರಕ್ಕೆ ಹೋಗುವ ದಾರಿಗಳು ಕಡಿಮೆಯಾಗಿವೆ ಅಂತ 2012ರಲ್ಲಿ ಬರೆದರು. ಮೂರೇ ವರ್ಷಕ್ಕೆ ಲಂಡನ್ನಿನವರು ಅಮೆರಿಕದ ಸುಮಾರು 17,000 ಜನಪ್ರಿಯ ಹಾಡು ಅಳೆದು, ವೈವಿಧ್ಯ ತೀರ ಇಳಿದಿದ್ದು 1980ರ ದಶಕದ ನಡುವೆ, ಆಮೇಲೆ ಏರಿದೆ ಅಂದರು. ಎರಡೂ ಪಶ್ಚಿಮದ ಹಾಡುಗಳ ಲೆಕ್ಕ. ನಮ್ಮ ಗೀಗೀ ಪದ, ಮೊಹರಮ್ ಪದಗಳನ್ನು ಯಾರೂ ಹೀಗೆ ಕಂಪ್ಯೂಟರಿಗೆ ಹಾಕಿ ಕೂತಿಲ್ಲ.

ಮೊಹರಮ್ ಪದ ಅಂದಾಗ ಒಂದು ಮಾತು. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ‘ಈಗಿನವರು ಧಾಟಿ ಕದೀತಾರೆ’ ಅನ್ನುವವರು ಹಳೆಯ ನಾಟಕದ ಪುಸ್ತಕ ತೆಗೆದು ನೋಡಲಿ. ಪ್ರತಿ ಹಾಡಿನ ನೆತ್ತಿಯ ಮೇಲೆ ‘ಧಾಟಿ’ ಅಂತ ಬರೆದು ಯಾವುದೋ ಮರಾಠಿಯದೋ ಹಿಂದಿಯದೋ ಹಾಡಿನ ಮೊದಲ ಸಾಲು ಅಚ್ಚು ಹಾಕಿರುತ್ತಾರೆ. ಅದು ಕಳ್ಳತನವಲ್ಲ, ವಿಳಾಸ. ಮೊಹರಮ್ಮಿನಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹಾಡುವವರೂ ಆಯಾ ಕಾಲದ ಸಿನಿಮಾ ಮಟ್ಟು ಹಿಡಿದವರೇ. ದಾಸರ ಪದಗಳದು ಇನ್ನೂ ವಿಚಿತ್ರ. ನಮ್ಮ ರಾಯಚೂರು ಸೀಮೆಯ ಚೀಕಲಪರ್ವಿಯ ವಿಜಯದಾಸರು ‘ವಿಜಯವಿಠಲ’ ಅಂತ ಅಂಕಿತ ಹಾಕಿ ಮಾತಿಗೆ ಬೀಗ ಹಾಕಿದರು, ಮಾತು ಉಳಿಯಿತು. ಅವರು ಹಾಡಿದ ಮಟ್ಟು ಉಳಿಯಲಿಲ್ಲ. ಇವತ್ತು ನಾವು ಕೇಳುವ ಮಟ್ಟುಗಳಲ್ಲಿ ಹೆಚ್ಚಿನವು ಹೋದ ಶತಮಾನದ ಗಾಯಕರು ಕೂರಿಸಿದವು. ನೀವು ‘ಪ್ರಾಚೀನ’ ಅಂತ ಕಣ್ಣು ಮುಚ್ಚುವುದು ನಿಮ್ಮ ಅಜ್ಜನ ಕಾಲದ ಸಂಗೀತಕ್ಕೆ.

ಅಂಕಿತ ಹಾಕುವ ಚಾಳಿ ಎಲ್ಲಿಗೂ ಹೋಗಿಲ್ಲ. ಲಾವಣಿ, ಗೀಗೀಯವರು ಕೊನೆಯ ನುಡಿಯಲ್ಲಿ ತಮ್ಮ ಊರು, ಗುರುವಿನ ಹೆಸರು ಸೇರಿಸುತ್ತಿದ್ದರು. ಸಿನಿಮಾ ಹಾಡಿನಲ್ಲಿ ಮಾತ್ರ ಅದು ಬಿದ್ದುಹೋಯಿತು. ಪಿ.ಬಿ. ಶ್ರೀನಿವಾಸ್ ಹಾಡಿದ್ದಕ್ಕೂ ‘ರಾಜಕುಮಾರ್ ಹಾಡು’ ಅನ್ನುತ್ತೇವೆ, ಬರೆದವರನ್ನಂತೂ ಕೇಳುವುದೇ ಇಲ್ಲ. ನೀವು ಮೂಗು ಮುರಿಯುವ ಈ ಯೂಟ್ಯೂಬ್ ಜಾನಪದ, ಡಿಜೆ ಹಾಡುಗಳ ಕೊನೆಯ ನುಡಿಯನ್ನು ಸ್ವಲ್ಪ ಕಿವಿಗೊಟ್ಟು ಕೇಳಿರಿ. ಬರೆದವನ ಊರು, ಹೆಸರು, ಹಾಡಿದವನ ಹೆಸರು ಅಲ್ಲಿ ಸಿಗುತ್ತವೆ.

ಹೋದ ಭಾನುವಾರ ಕುಕನೂರು ಕಡೆಯ ಒಬ್ಬ ಹುಡುಗ ತಾನೇ ಒಂದು ಹಾಡು ಕಟ್ಟಿಕೊಂಡು ಕ್ಲಾಸಿಗೆ ಬಂದ. ಹುಡುಗಿ ಕೈಕೊಟ್ಟ ಹಾಡು, ಮತ್ತೇನು. ಧಾಟಿ ನಾನೇ ಕಲಿಸಿದ ಒಂದು ಭಜನೆಯದು. ಕೊನೆಯ ನುಡಿಯಲ್ಲಿ ತನ್ನ ಊರು, ತನ್ನ ಹೆಸರು, ಜತೆಗೆ ಗುರು ಅಂತ ನನ್ನ ಹೆಸರನ್ನೂ ತುರುಕಿದ್ದ. ಮಾತ್ರೆ ಹೆಚ್ಚಾಗಿ ತಾಳ ತಪ್ಪುತ್ತಿತ್ತು. ನನ್ನ ಹೆಸರು ತೆಗೆ, ಊರು ಇರಲಿ ಅಂದೆ. “ಕರಿ ಒಂದು ಹಿಡೀರಿ ಸರ” ಅಂದ. ಗಂಟಲು ಕಟ್ಟಿದಂತಿತ್ತು. ಏನೂ ಹೇಳದೆ ಒಂದು ಮನೆ ಇಳಿಸಿ ಬಿಳಿ ಒಂದು ಹಿಡಿದೆ.