ಆಟಿಸಂ ಇರುವ ಮಗುವಿನ ಥೆರಪಿಗೆ ‘ನಿರಾಮಯ’ದ ದುಡ್ಡು ಸಿಗುತ್ತದಾ?

ಪ್ರಶ್ನೆ: ಮಗನಿಗೆ ಆರು ವರ್ಷ, ಆಟಿಸಂ ಇದೆ. ಸ್ಪೀಚ್ ಥೆರಪಿಗೇ ಸಂಬಳದ ಅರ್ಧ ಹೋಗುತ್ತಿದೆ. ‘ನಿರಾಮಯ’ದಲ್ಲಿ ಒಂದು ಲಕ್ಷ ಕೊಡುತ್ತಾರಂತೆ, ನಿಜವಾ?

ಉತ್ತರ: ನಿಜ. ಆದರೆ ಲಕ್ಷ ರೂಪಾಯಿ ಸುಮ್ನೆ ಖಾತೆಗೆ ಬಂದು ಬೀಳುವುದಿಲ್ಲ. ಇದು ಪಿಂಚಣಿ ಅಲ್ಲ, ಆರೋಗ್ಯ ವಿಮೆ. ನಡೆಸುವುದು 1999ರ ಕಾಯ್ದೆಯಡಿ ಹುಟ್ಟಿದ ಕೇಂದ್ರದ ನ್ಯಾಷನಲ್ ಟ್ರಸ್ಟ್. ಮೊದಲು ನೀವು ಖರ್ಚು ಮಾಡಬೇಕು, ಆಮೇಲೆ ಬಿಲ್ ಕೊಟ್ಟು ವಾಪಸ್ ಪಡೆಯಬೇಕು.

ಆ ಲಕ್ಷವೂ ಒಂದೇ ಗಂಟಲ್ಲ. ಆಸ್ಪತ್ರೆಗೆ ಸೇರಿದರೆ ಇಷ್ಟು, ಹೊರರೋಗಿಯಾಗಿ ತೋರಿಸಿದರೆ ಇಷ್ಟು, ಥೆರಪಿಗೆ ಇಷ್ಟು ಅಂತ ಒಳಮಿತಿಗಳಿವೆ. ಥೆರಪಿಯ ಪಾಲು ಚಿಕ್ಕದು. ವಾರಕ್ಕೆ ಮೂರು ಸಲ ಹೋಗುವ ಮಗುವಿಗೆ ಅದು ವರ್ಷಪೂರ್ತಿ ಸಾಲುವುದಿಲ್ಲ.

ಆದರೂ ಮಾಡಿಸಿ ಅಂತಲೇ ಹೇಳುತ್ತೇನೆ. ಮೊದಲೇ ಇರುವ ತೊಂದರೆ ಅಂತ ಇಲ್ಲಿ ತಳ್ಳಿಹಾಕುವುದಿಲ್ಲ. ವೈದ್ಯಕೀಯ ಪರೀಕ್ಷೆ ಇಲ್ಲ, ವಯಸ್ಸಿನ ಮಿತಿಯೂ ಇಲ್ಲ. ಸೇರಲು 500 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ 250. ನವೀಕರಣಕ್ಕೆ 250, ಬಿಪಿಎಲ್‌ನವರಿಗೆ ಬರೀ 50. ಒಂದು ಸೆಷನ್ನಿನ ಫೀಸೇ ಇದಕ್ಕಿಂತ ಜಾಸ್ತಿ ಅಲ್ವಾ?

ಅರ್ಜಿ ಹಾಕಿಸುವುದು ಟ್ರಸ್ಟ್‌ನಲ್ಲಿ ನೋಂದಾಯಿಸಿಕೊಂಡ ಸಂಸ್ಥೆಗಳು. ನಿಮ್ಮ ಜಿಲ್ಲೆಯಲ್ಲಿ ಯಾವುದಿದೆ ಎಂದು ಟ್ರಸ್ಟ್‌ನ ಜಾಲತಾಣದಲ್ಲಿ ನೋಡಿ. ಅಂಗವೈಕಲ್ಯದ ಪ್ರಮಾಣಪತ್ರ, ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಕೇಂದ್ರ ಕೊಡುವ ಗುರುತಿನ ಚೀಟಿ), ವಿಳಾಸದ ದಾಖಲೆ, ಬ್ಯಾಂಕ್ ಪಾಸ್‌ಬುಕ್, ಫೋಟೊ ತೆಗೆದುಕೊಂಡು ಹೋಗಿ.

ದುಡ್ಡು ನಿಲ್ಲುವುದು ಹೆಚ್ಚಾಗಿ ಬಿಲ್ಲಿನಲ್ಲಿ. ನಮ್ಮ ಕಡೆ ಎಷ್ಟೋ ಥೆರಪಿಸ್ಟರು ಬಿಳಿ ಚೀಟಿಯಲ್ಲಿ ‘ಸಂದಾಯವಾಗಿದೆ’ ಅಂತ ಬರೆದುಕೊಡುತ್ತಾರೆ. ಅದನ್ನು ನಂಬಿಕೊಂಡು ಕೂರಬೇಡಿ. ಯಾವ ಥೆರಪಿ ಬೇಕು ಎಂದು ಡಾಕ್ಟರ್ ಬರೆದ ಚೀಟಿ ಇರಲಿ. ಬಿಲ್ಲಿನಲ್ಲಿ ಸಂಖ್ಯೆ, ದಿನಾಂಕ, ಮಗುವಿನ ಹೆಸರು, ಸಹಿ, ಮೊಹರು ಇರಲಿ. ಮೊದಲ ದಿನವೇ ಕೇಳಿ. ವರ್ಷದ ಕೊನೆಗೆ ಹಳೇ ಬಿಲ್ ಕೇಳಿದರೆ ಯಾರೂ ಖುಷಿಯಿಂದ ಕೊಡುವುದಿಲ್ಲ.

ಇನ್ನೊಂದು ಗೊಂದಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸಿದೆ, ನಿರಾಮಯ ಸಿಗುವುದು ನಾಲ್ಕಕ್ಕೆ ಮಾತ್ರ: ಆಟಿಸಂ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದಿರುವುದು), ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ. ಡಿಸ್ಲೆಕ್ಸಿಯಾ, ಅಂದರೆ ಓದು-ಬರಹದ ತೊಂದರೆ ಮಾತ್ರ ಇರುವ ಮಗುವಿಗೆ ಇದು ಬರುವುದಿಲ್ಲ. ನಿಮ್ಮ ಮಗನಿಗೆ ಬರುತ್ತದೆ. ಪಾಲಿಸಿ ಮಾರ್ಚ್ 31ಕ್ಕೆ ಮುಗಿಯುತ್ತದೆ, ನವೀಕರಣಕ್ಕೆ ಫೆಬ್ರುವರಿಯಲ್ಲೇ ಓಡಾಡಿ.