ತುದಿಗೆ ನಿಂತವರ ಮುಖ ಯಾಕೆ ಊದಿಕೊಳ್ಳುತ್ತದೆ?

ಮದುವೆ ಆಲ್ಬಂ ಬಂದಾಗ ಗ್ರೂಪ್ ಫೋಟೋದ ತುದಿಗೆ ನಿಂತವರದ್ದು ಒಂದೇ ತಕರಾರು: ‘ನಾನೇನು ಇಷ್ಟು ದಪ್ಪ ಇದ್ದೇನಾ?’ ಕೆಲವರು ವೈಡ್ ಲೆನ್ಸನ್ನು ಬೈಯುತ್ತಾರೆ, ಕೆಲವರು ಕ್ಯಾಮೆರಾ ತೀರಾ ಹತ್ತಿರ ಇತ್ತು ಎನ್ನುತ್ತಾರೆ. ಪ್ರಿಂಟನ್ನು ಎಷ್ಟು ದೂರದಲ್ಲಿ ಹಿಡಿದು ನೋಡುತ್ತಿದ್ದೀರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಈ ಪ್ರಶ್ನೆ ಕ್ಯಾಮೆರಾಗಿಂತ ಹಳೆಯದು. 15ನೇ ಶತಮಾನದ ಆರಂಭದಲ್ಲಿ ಫ್ಲಾರೆನ್ಸಿನ ವಾಸ್ತುಶಿಲ್ಪಿ ಬ್ರುನೆಲೆಸ್ಕಿ ತಾನು ಬರೆದ ಚಿತ್ರದ ಹಲಗೆಗೇ ತೂತು ಕೊರೆದ. ಹಿಂದಿನಿಂದ ಕಣ್ಣಿಟ್ಟು ಎದುರಿನ ಕನ್ನಡಿಯಲ್ಲಿ ಚಿತ್ರ ನೋಡಬೇಕು, ಅತ್ತಿತ್ತ ಸರಿಯುವಂತಿಲ್ಲ. ಚಿತ್ರ ಯಾವ ಜಾಗದಿಂದ ಕಂಡಂತೆ ಬರೆದದ್ದೋ ಕಣ್ಣು ಅಲ್ಲೇ ಇದ್ದರೆ ಮಾತ್ರ ಅದು ಸರಿಯಾಗಿ ಕಾಣುತ್ತದೆ. ನಾಲ್ಕು ಶತಮಾನದ ನಂತರ ಫೋಟೋಗ್ರಫಿ ಬಂತು. ಫುಲ್ ಪ್ಲೇಟ್ ಎಂಬ ದೊಡ್ಡ ಗಾಜಿನ ನೆಗೆಟಿವ್‌ಗೆ 12 ಇಂಚಿನ ಲೆನ್ಸು, ಗಾಜಿನಷ್ಟೇ ದೊಡ್ಡ ಕಾಂಟ್ಯಾಕ್ಟ್ ಪ್ರಿಂಟು. ಅದನ್ನು ಕೈಯಲ್ಲಿ ಹಿಡಿದರೆ ಕಣ್ಣು ಹೆಚ್ಚುಕಡಿಮೆ ಲೆನ್ಸ್ ಇದ್ದ ಜಾಗಕ್ಕೇ ಬಂದು ಕೂರುತ್ತಿತ್ತು. ಲೆಕ್ಕ ಹಾಕುವ ಗೋಜೇ ಇರಲಿಲ್ಲ.

ಗೋಜಲಾದದ್ದು 1925ರಲ್ಲಿ ಲೈಕಾ ಎಂಬ ಪುಟ್ಟ ಕ್ಯಾಮೆರಾ ಬಂದ ಮೇಲೆ. ನೆಗೆಟಿವ್ 36×24 ಮಿ.ಮೀ., ಲೆನ್ಸ್ 50 ಮಿ.ಮೀ. ಎನ್‌ಲಾರ್ಜ್ ಮಾಡದೆ ಗತಿಯಿಲ್ಲ. ಸೂತ್ರ ಸರಳ: ಫೋಕಲ್ ಲೆಂಗ್ತನ್ನು (ಲೆನ್ಸಿನ ಮೇಲೆ ಬರೆದಿರುವ ಮಿ.ಮೀ. ಅಂಕೆ) ಹಿಗ್ಗಿಸಿದ ಪಟ್ಟಿನಿಂದ ಗುಣಿಸಿದರೆ ಸರಿಯಾದ ದೂರ. 12×8 ಇಂಚಿನ ಪ್ರಿಂಟ್ ಎಂದರೆ ಸುಮಾರು ಎಂಟೂವರೆ ಪಟ್ಟು. 50ರ ಲೆನ್ಸಿಗೆ 42 ಸೆಂ.ಮೀ., 24ಕ್ಕೆ 20, 200ಕ್ಕೆ ಸುಮಾರು 1.7 ಮೀಟರ್! ನಾವೋ, ಎಲ್ಲವನ್ನೂ ಒಂದೇ ದೂರದಲ್ಲಿ ಹಿಡಿಯುತ್ತೇವೆ. ಅದಕ್ಕೇ ದೂರದ್ದನ್ನು ದೊಡ್ಡದಾಗಿ ತೋರಿಸುವ ಟೆಲಿ ಲೆನ್ಸಿನ ಕ್ರಿಕೆಟ್ ಫೋಟೋದಲ್ಲಿ 22 ಗಜದ ಪಿಚ್ ನಾಲ್ಕು ಹೆಜ್ಜೆಯಾಗಿ ಕಾಣುವುದು. ಲೆನ್ಸ್ ದೂರವನ್ನು ‘ಒತ್ತಿ’ಬಿಡುತ್ತದೆ ಎಂಬ ಮಾತು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಕ್ಯಾಮೆರಾ ನಿಂತ ಜಾಗ ಅರ್ಧ ಕೆಲಸ ಮಾಡುತ್ತದೆ, ನಾವು ಕೂತ ಜಾಗ ಇನ್ನರ್ಧ.

ನಮ್ಮ ಮನೆಯ 24ರ ಲೆನ್ಸಿನ ಗ್ರೂಪ್ ಫೋಟೋ ಒಂದಿದೆ. ಕನ್ನಡಕ ತೆಗೆದು, ಒಂದು ಕಣ್ಣು ಮುಚ್ಚಿ, ಪ್ರಿಂಟಿನ ನಡುವಿಗೆ ನೇರ ಗೇಣುದ್ದ ಹತ್ತಿರ ಹೋದೆ. ತುದಿಯಲ್ಲಿದ್ದ ಮಾವನ ಕುಂಬಳಕಾಯಿ ತಲೆ ದುಂಡಗಾಯಿತು. ವೈಡ್ ಲೆನ್ಸ್ ಅಂಚಿನಲ್ಲಿ ಹಿಗ್ಗಿಸಿದ್ದು, ಅಷ್ಟು ಹತ್ತಿರದಿಂದ ಓರೆಯಾಗಿ ಕಂಡಾಗ ಮತ್ತೆ ಕುಗ್ಗುತ್ತದೆ.

ಜನ ಹೀಗೆ ನೋಡುವುದಿಲ್ಲ ಎನ್ನುವುದೂ ನಿಜ. ನೋಡುವ ದೂರವನ್ನು ಜನ ಪ್ರಿಂಟಿನ ಗಾತ್ರ ನೋಡಿ ಆರಿಸಿಕೊಳ್ಳುತ್ತಾರೆಯೇ ಹೊರತು ಲೆನ್ಸ್ ನೋಡಿ ಅಲ್ಲ ಎಂದು ಬರ್ಕ್ಲಿಯ ಸಂಶೋಧಕರು 2012ರಲ್ಲಿ ತೋರಿಸಿದರು.

ಈಗ ಫೋನಿನ ಕಾಲ. ಲೈಕಾದ ನೆಗೆಟಿವ್ ಲೆಕ್ಕದಲ್ಲಿ 26ರ ಲೆನ್ಸಿಗೆ ಸಮನಾದ ಕ್ಯಾಮೆರಾ, ಪರದೆ ಮೇಲೆ ಒಂಬತ್ತು ಸೆಂ.ಮೀ. ಉದ್ದದ ಚಿತ್ರ, ಲೆಕ್ಕದ ದೂರ ಆರೂವರೆ ಸೆಂ.ಮೀ. ಅಷ್ಟು ಹತ್ತಿರ ಕಣ್ಣು ನಿಲ್ಲದು. ಹಾಗಾಗಿ ಕೆಲವು ಫೋನುಗಳ ಸಾಫ್ಟ್‌ವೇರೇ ಅಂಚಿನ ಮುಖಗಳನ್ನು ಹಿಸುಕಿ ಸರಿಮಾಡುತ್ತದೆ. ಕೆಲವೊಮ್ಮೆ ಹಿಂದಿನ ಕಂಬ ಕೊಂಚ ಬಾಗಿರುತ್ತದೆ, ಅಷ್ಟೆ.